ಬಯ್ಯಲಿಕ್ಕೆಂದೇ ಪೋರ್ಚುಗಲ್ಲಿಗೆ ಹೋದ ಹುಲಿಗೆಮ್ಮಕ್ಕ

ಲಿಸ್ಬನ್ ವಿಮಾನ ನಿಲ್ದಾಣ

ಪೋರ್ಚುಗಲ್ ದೇಶ ನಮ್ಮನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಜೋಳದ ರೊಟ್ಟಿಯ ವಿಚಾರಣೆ ಮಾಡಿತು.

ಹುಲಿಗೆಮ್ಮಕ್ಕನ ಚೀಲವನ್ನು ಮೇಜಿನ ಮೇಲೆ ಬಿಚ್ಚಿಸಿದ ಅಧಿಕಾರಿ ಇನ್ನೂ ಎಳೆಯ ವಯಸ್ಸಿನವನು. ಬಿಳಿ ಪಂಚೆಯಲ್ಲಿ ಸುತ್ತಿದ್ದ ಖಡಕ್ ರೊಟ್ಟಿಯ ಕಟ್ಟನ್ನು ಹೊರತೆಗೆದು, ಮೇಲಿನದೊಂದನ್ನು ಬೆರಳ ಗೆಣ್ಣಿನಿಂದ ಬಡಿದ. ಟಕ್ ಟಕ್ ಎಂದಿತು. ಕಿವಿಯ ಹತ್ತಿರ ಹಿಡಿದು ಮತ್ತೊಮ್ಮೆ ಬಡಿದ. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಬ್ರೆಡ್ಡು ಅಂದೆ. ಹೆಂಚು ತೋರಿಸಿ ಹಪ್ಪಳ ಅನ್ನುವವನನ್ನು ನೋಡುವ ಹಾಗೆ ನನ್ನನ್ನು ನೋಡಿದ.

"ಏನಂತಲೇ ಇವಂದು?" ಎಂದಳು ಅಕ್ಕ.

"ಇದು ತಿನ್ನೋದಾ ಅಂತ ಕೇಳಾಕತ್ಯಾನಕ್ಕ."

"ತಿನ್ನೋದಲ್ದ ಮನಿ ಮ್ಯಾಲ ಹೊದಿಸೋದೇನು?"

ಅಕ್ಕ ಒಂದು ರೊಟ್ಟಿ ಎಳೆದುಕೊಂಡು ಫಟ್ಟನೆ ಮುರಿದಳು. ಡಬ್ಬಿ ತೆಗೆದು ಶೇಂಗಾ ಚಟ್ನಿಪುಡಿ ಉದುರಿಸಿದಳು. ನಿಂತಲ್ಲೇ ಅಗಿದು ತೋರಿಸಿ, ಉಳಿದರ್ಧ ಅವನ ಮುಂದೆ ಹಿಡಿದಳು. "ತಗೋಪಾ, ನಿಮ್ಮವ್ವ ಮಾಡಿದ್ದು ಅಂತ ತಿಳ್ಕೊಂಡು ತಿನ್ನು." ಅವನು ತಿನ್ನಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಅಧಿಕಾರಿಣಿ ಮಾತ್ರ ಕುತೂಹಲ ತಡೆಯಲಾರದೆ ಚಟ್ನಿ ಡಬ್ಬಿಗೆ ಮೂಗು ಹತ್ತಿರ ತಂದಳು. ಆಮೇಲೆ ಆಕೆ ಸೀನಿದ ಸೀನಿಗೆ ಆಚೆ ಸಾಲಿನವರೂ ತಿರುಗಿ ನೋಡಿದರು. ಕಣ್ಣೊರೆಸಿಕೊಳ್ಳುತ್ತಲೇ, ಹೋಗಿ ಹೋಗಿ ಎಂದು ಕೈಬೀಸಿದಳು. ನಮ್ಮ ಹಂಪಿಗೆ ಐನೂರು ವರ್ಷದ ಹಿಂದೆ ಪೋರ್ಚುಗಲ್ಲಿನವರು ಬಂದು, ಕಂಡದ್ದೆಲ್ಲ ಬರೆದಿಟ್ಟು ಹೋದರೆಂದು ಗೈಡುಗಳು ದಿನಾ ಹೇಳುತ್ತಾರೆ. ಆ ಭೇಟಿಗೆ ಮರುಭೇಟಿ ಕೊಡಲು ಹೊರಟ ನಿಯೋಗವೆಂದರೆ ನಾವಿಬ್ಬರೇ.

ಹೊಸಪೇಟೆ, ಹೊರಡುವ ಮೊದಲು

ನಾವು ಯಾರೆಂದು ಹೇಳಿಬಿಡುತ್ತೇನೆ. ನನ್ನ ಹೆಸರು ಗಾದಿಲಿಂಗ. ಕಂಪ್ಲಿಯವನು, ನಮ್ಮದು ಅಕ್ಕಿ ಗಿರಣಿ. ಗಿರಣಿಯ ಅಕ್ಕಿಯಲ್ಲಿ ಒಂದು ಪಾಲು ನನ್ನ ಮೈಯಲ್ಲೇ ದಾಸ್ತಾನಿದೆ ಎಂದು ಊರವರು ಹೇಳುತ್ತಾರೆ. ಹುಲಿಗೆಮ್ಮಕ್ಕ ನನ್ನ ಸ್ವಂತ ಅಕ್ಕನಲ್ಲ, ನನ್ನ ಗೆಳೆಯ ಯಂಕೋಬನ ಅಕ್ಕ. ಹೊಸಪೇಟೆಯಲ್ಲಿ ಮಿರ್ಚಿ, ಬೋಂಡಾದ ಅಂಗಡಿ ಇಟ್ಟಿದ್ದಾಳೆ. ಯಂಕೋಬ ಹೋದ ವರ್ಷ ತೀರಿಕೊಂಡ. ಮೂವತ್ತೆರಡು ವಯಸ್ಸು. ರಕ್ತದ ಕಾಯಿಲೆ. ಬೇಸಿಗೆಯಲ್ಲಿ ಸುಸ್ತು ಅಂದವನು ದೀಪಾವಳಿಗೆ ಇರಲಿಲ್ಲ.

ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು ಹಂಪಿ ಬಜಾರಿನ ಒಂದು ಕಲ್ಲುಮಂಟಪದಲ್ಲಿ. ಅದರಲ್ಲೇ ಗೋಡೆ ಕಟ್ಟಿಕೊಂಡು ಮುಂದೆ ಅವರಪ್ಪ ಚಹಾದಂಗಡಿ ಇಟ್ಟಿದ್ದ. ಸ್ಮಾರಕ ಉಳಿಸಬೇಕೆಂದು ಸರ್ಕಾರ ಬಜಾರಿನವರನ್ನೆಲ್ಲ ಎಬ್ಬಿಸಿದಾಗ ಇವರು ಹೊಸಪೇಟೆಗೆ ಬಂದರು. ಅಪ್ಪ ಅವ್ವ ಬೇಗ ಹೋದ ಮೇಲೆ ತಮ್ಮನನ್ನು ಬೆಳೆಸಿದ್ದು ಅಕ್ಕನೇ.

ನಮ್ಮ ಕಡೆ ಬಂಡೆಗೆ ಗುಂಡು ಅನ್ನುತ್ತೇವೆ. ಯಂಕೋಬ ಗುಂಡು ಏರುವವನು ಎಂದರೆ ಬೇರೆ ಊರಿನವರು ತಪ್ಪು ತಿಳಿಯಬಾರದು. ಚಳಿಗಾಲದಲ್ಲಿ ಹಂಪಿಗೆ ಬರುವ ವಿದೇಶಿಯರಲ್ಲಿ, ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡು ಬಂಡೆ ಏರಲಿಕ್ಕೇ ಬರುವವರ ಒಂದು ಪಂಗಡವಿದೆ. ಬಿದ್ದರೆ ಬೀಳಲಿ ಎಂದು ಆ ಹಾಸಿಗೆಯನ್ನು ಬಂಡೆಯ ಬುಡಕ್ಕೆ ಹಾಕುತ್ತಾರೆ. ಅವರ ಹಿಂದೆ ಹಿಂದೆ ಹೋಗಿ ಕಲಿತವನು ಇವನು. ಬರಿಗಾಲು. ಹೊಸ ಬಂಡೆ ಕಂಡರೆ ಮೊದಲು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೀಗರ ಮನೆಗೆ ಮೊದಲ ಸಲ ಬಂದವನಂತೆ ಸಂಕೋಚದಿಂದ ನೋಡುತ್ತಿದ್ದ. ಆಮೇಲೆ ಎದ್ದು ಹೋದನೆಂದರೆ, ನಮಗೆ ಕಾಣದ ಮೆಟ್ಟಿಲು ಅವನ ಕಾಲಿಗೆ ಸಿಗುತ್ತಿದ್ದವು. ಜರ್ಮನಿಯವರು, ಇಸ್ರೇಲಿನವರು ವಾರಗಟ್ಟಲೆ ಒದ್ದಾಡಿ ಬಿಟ್ಟ ಕಡೆ ಇವನು ಗುನುಗುತ್ತಾ ಹೋಗಿ ಮೇಲೆ ಕೂರುತ್ತಿದ್ದ.

ಅದಕ್ಕಿಂತ ದೊಡ್ಡ ವಿದ್ಯೆಯೆಂದರೆ ಬೇರೆಯವರನ್ನು ಹತ್ತಿಸುವುದು. ತೋರಣಗಲ್ಲಿನ ಕಾರ್ಖಾನೆಯಲ್ಲಿ ವಾರವಿಡೀ ದುಡಿದು, ಭಾನುವಾರ ಒಮ್ಮೆ ಸೊಂಡೂರಿಗೆ ಹೋಗಿ ಶಾಲೆಯ ಹುಡುಗಿಯರಿಗೆ ಕಲಿಸುತ್ತಿದ್ದ, ಒಮ್ಮೆ ಹಂಪಿಯಲ್ಲಿ ಪರದೇಶದವರಿಗೆ. ನನ್ನನ್ನೂ ಬಿಡಲಿಲ್ಲ. ಗಾದಿ ಅಂದರೆ ಹಾಸಿಗೆ, ನನ್ನನ್ನು ಎಲ್ಲರೂ ಕರೆಯುವುದೂ ಗಾದಿ ಎಂದೇ. "ಎಲ್ರೂ ಗಾದಿ ಹೊತ್ಕೊಂಡು ಬರ್ತಾರ. ನನ್ನ ಗಾದಿ ತಾನ ನಡ್ಕೊಂಡು ಬರ್ತೈತಿ" ಎಂದು ನಗಿಸಿ ನಗಿಸಿಯೇ ನನ್ನ ಭಯ ಕಳೆದ. ಎರಡಾಳೆತ್ತರದ ಗುಂಡಿನ ಮೇಲೆ ಮೊದಲ ಬಾರಿ ನಿಂತ ಸಂಜೆ ನಾನು ಕಂಪ್ಲಿಗೆ ಹೋಗಿ, ಅಪ್ಪನ ಮುಂದೆ ಕೂತು, ಗಿರಣಿಗೆ ಹೊಸ ಯಂತ್ರ ಹಾಕೋಣ ಎಂದು ಹೇಳಿದೆ. ಎಷ್ಟೋ ವರ್ಷದಿಂದ ಬಾಯಲ್ಲೇ ಇದ್ದ ಮಾತು ಅದು.

ತೆರೇಜಾ ಪೋರ್ಚುಗಲ್ಲಿನ ಹಲ್ಲಿನ ಡಾಕ್ಟರು. ಹಲವು ಚಳಿಗಾಲ ಹಂಪಿಗೆ ಬಂದು ಯಂಕೋಬನಿಂದ ಕಲಿತವಳು. ಅವರ ದೇಶದಲ್ಲೂ ಹಂಪಿಯಂಥದೇ ಬಂಡೆಗಳ ಊರೊಂದಿದೆಯಂತೆ, ಹತ್ತುವವರೆಲ್ಲ ವರ್ಷಕ್ಕೊಮ್ಮೆ ಅಲ್ಲಿ ಸೇರುತ್ತಾರಂತೆ. ಬಂಡೆಯನ್ನು ಮೊದಲು ಹತ್ತಿದವರೇ ಅದಕ್ಕೆ ಹೆಸರಿಡಬೇಕು ಎನ್ನುವುದು ಆ ಜನರ ಪದ್ಧತಿ. ಯಂಕೋಬ ಬರುತ್ತಾನೆಂದು ಯಾರೂ ಮುಟ್ಟದ ಒಂದು ಬಂಡೆಯನ್ನು ಅವನಿಗಾಗಿ ಬಿಟ್ಟಿದ್ದರು. ಅವನು ತನಗೊಬ್ಬನಿಗೇ ಅಲ್ಲ, ಅಕ್ಕನಿಗೂ ನನಗೂ ಹಿಂದೆ ಬಿದ್ದು ಪಾಸ್‌ಪೋರ್ಟ್ ಮಾಡಿಸಿದ್ದ. ಪಾಸ್‌ಪೋರ್ಟ್ ಬಂತು. ಕಾಯಿಲೆಯೂ ಬಂತು.

ಅವನು ಹೋಗಿ ಕೆಲವು ತಿಂಗಳಾದ ಮೇಲೆ ತೆರೇಜಾ ನನಗೆ ಫೋನ್ ಮಾಡಿ, ನೀವಿಬ್ಬರೂ ಬನ್ನಿ, ಅವನ ಬಂಡೆಗೆ ನೀವು ಹೆಸರಿಡಿ ಎಂದಳು. ಅಕ್ಕ ಒಪ್ಪುವುದಿಲ್ಲ ಎಂದುಕೊಂಡೇ ಹೇಳಿದೆ. ಅಕ್ಕ ಬಾಣಲೆಯಿಂದ ಕಣ್ಣು ತೆಗೆಯದೆ, "ಬರ್ತೀನಿ" ಅಂದಳು. "ನನ್ನ ತಮ್ಮಗ ಗುಂಡಿನ ಹುಚ್ಚು ಹಿಡಿಸಿದಾಕಿನ್ನ ಎದುರಿಗೆ ಕುಂದ್ರಿಸಿ ಬಯ್ಯೋದೈತಿ. ನೀ ಇಂಗ್ಲಿಷಿನ್ಯಾಗ ಹೇಳ್ಬೇಕು. ಒಂದ ಮಾತೂ ಬಿಡಬಾರ್ದು."

ಲಿಸ್ಬನ್

ಮರುದಿನ ಬೆಳಿಗ್ಗೆ ಅಕ್ಕ ಹೊರಗೆ ಕಾಲಿಟ್ಟದ್ದೇ ತಡ, ಎದುರು ಬಂದ ಮುದುಕರೊಬ್ಬರು ಟೋಪಿ ಎತ್ತಿ, "ಬೊಂದಿಯ" ಎಂದರು. ಹಾಲಿನ ಕ್ಯಾನು ಇಳಿಸುತ್ತಿದ್ದವನು, "ಬೊಂದಿಯ" ಎಂದ. ನಾಯಿ ಹಿಡಿದುಕೊಂಡು ಬಂದ ಹೆಂಗಸೂ ಅದನ್ನೇ ಅಂದಳು. ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಲೇ ಗಾದಿ, ನಾ ಬೋಂಡಾ ಮಾರಾಕಿ ಅಂತ ಇವ್ರಿಗೆ ಯಾರಲೇ ಹೇಳಿದ್ರು?"

ಅದು ಬೋಂಡಾ ಅಲ್ಲ, ಶುಭೋದಯ ಅನ್ನುವುದು ಅವರ ಭಾಷೆಯಲ್ಲಿ ಹಾಗೆ ಎಂದು ಬಿಡಿಸಿ ಹೇಳಿದೆ. ಅಕ್ಕನಿಗೆ ಅದು ಭಾಳ ಹಿಡಿಸಿತು. ಅಲ್ಲಿಂದ ಮುಂದೆ ಕಂಡಕಂಡವರಿಗೆಲ್ಲ ಕೈಮುಗಿದು, "ಬೋಂಡಾ ರೀ, ಬೋಂಡಾ" ಎನ್ನುತ್ತಾ ಹೋದಳು. ಎಲ್ಲರೂ ನಗುತ್ತಾ ಉತ್ತರ ಕೊಟ್ಟರು. ನಮ್ಮೂರಲ್ಲಿ ಬೆಳಿಗ್ಗೆ ಎದುರು ಸಿಕ್ಕವರು, "ಏನು, ಎದ್ದೀ?" ಎಂದು ಕೇಳುತ್ತಾರೆ. ಎದ್ದು ನಡೆದಾಡುತ್ತಿರುವವನನ್ನು ಎದ್ದೆಯಾ ಎಂದು ಕೇಳುವುದಕ್ಕಿಂತ ಬೋಂಡಾ ಅನ್ನುವುದೇ ವಾಸಿ.

ಕಾಫಿ ಅಂಗಡಿಯಲ್ಲಿ ಬೊಂಬೆಯಾಟದ ಸಾಮಾನಿನಂಥ ಬಟ್ಟಲು ತಂದಿಟ್ಟರು. ಅದರ ತಳದಲ್ಲಿ ಒಂದಿಷ್ಟು ಕರಿ ಕಷಾಯ. ಅಕ್ಕ ಬಗ್ಗಿ ನೋಡಿದಳು. "ಇದನ್ನ ಕುಡಿಯಾಕ ಕೊಟ್ಟಾರೋ, ಕಣ್ಣಿಗೆ ಬಿಡಾಕ ಕೊಟ್ಟಾರೋ?" ಕುಡಿದಳು. ಆಮೇಲೆ ಮಧ್ಯಾಹ್ನದವರೆಗೆ ಮಾತು ನಿಲ್ಲಿಸಲಿಲ್ಲ. ಆ ಕಾಫಿಯ ಶಕ್ತಿ ಅಂಥದ್ದು.

ಲಿಸ್ಬನ್ನಿನಲ್ಲಿ ಅಕ್ಕನಿಗೆ ಮನೆಯಂತೆ ಕಂಡದ್ದು ಬಟ್ಟೆ ಒಣಗಿಸುವ ರೀತಿ. ದೊಡ್ಡ ರಾಜಧಾನಿ, ಆದರೆ ಕಿಟಕಿ ಕಿಟಕಿಗೂ ಹಗ್ಗ ಕಟ್ಟಿ ಬನಿಯನ್ನು, ಚಾದರ ಎಲ್ಲ ಬೀದಿಗೇ ತೂಗುಬಿಟ್ಟಿರುತ್ತಾರೆ. ಅಕ್ಕನೂ ಬೆಳಿಗ್ಗೆಯೇ ತನ್ನ ಇಳಕಲ್ ಸೀರೆ ಒಗೆದು ನಾವಿಳಿದುಕೊಂಡಿದ್ದ ಮೂರನೇ ಮಹಡಿಯ ಕಿಟಕಿಯಿಂದ ಇಳಿಬಿಟ್ಟಿದ್ದಳು. ಇಳಕಲ್ ಸೀರೆಯ ಉದ್ದ ಅವರ ಕಟ್ಟಡಕ್ಕೆ ಗೊತ್ತಿರಲಿಲ್ಲ. ಕೆಂಪು ಸೆರಗು ಕೆಳಗಿನ ಮನೆಯ ಕಿಟಕಿಗೆ ಪರದೆಯಾಗಿತ್ತು. ನಾವು ತಿರುಗಿ ಬರುವಷ್ಟರಲ್ಲಿ ಗಾಳಿ ಬಂದು ಸೀರೆ ಹಾರಿ, ಎದುರಿನ ಹೋಟೆಲಿನವರ ಹೊರಗಿನ ಛತ್ರಿಗಳ ಮೇಲೆ ಮದುವೆ ಚಪ್ಪರದ ಹಾಗೆ ಹರಡಿಕೊಂಡಿತ್ತು. ಅದರ ಕೆಳಗೆ ಕೂತ ಗಿರಾಕಿಗಳು ಫೋಟೋ ತೆಗೆಯುತ್ತಿದ್ದರು.

ಸೀರೆಯನ್ನು ಬಿಡಿಸಿ ತಂದುಕೊಟ್ಟವಳು ನಾವಿಳಿದುಕೊಂಡಿದ್ದ ಮನೆಯ ಯಜಮಾನಿ ಅಮೇಲಿಯಾ. ಅಕ್ಕನ ವಯಸ್ಸಿನವಳೇ. ಇಂಗ್ಲಿಷ್ ಬರುವುದಿಲ್ಲ. ಸೀರೆಗೆ ಸಾಸಿನ ಕಲೆಯಾಗಿತ್ತು. ಅಕ್ಕ ಕಲೆ ತೋರಿಸಿ, "ಸಾಬೂನು, ಸಾಬೂನು" ಅಂದಳು. ಅಮೇಲಿಯಾ ಕಣ್ಣರಳಿಸಿ, "ಸಬಾಂವ್!" ಎಂದು ಓಡಿಹೋಗಿ ಸಾಬೂನು ತಂದಳು. ನನಗೆ ನಗು. ಅಕ್ಕನಿಗೆ ಗೆಲುವು. ಬಾಗಿಲು ತೋರಿಸಿ "ಚಾವಿ" ಅಂದಳು. ಆಕೆ "ಶಾವ್" ಎಂದು ಕೀಲಿಗೊಂಚಲು ಎತ್ತಿ ಕುಣಿಸಿದಳು. ಅಕ್ಕ "ಮೇಜು" ಅಂದರೆ ಆಕೆ "ಮೇಜ" ಎಂದು ಮೇಜು ಬಡಿದಳು. ಕೊನೆಗೆ ಅಡುಗೆಮನೆಯಲ್ಲಿ ಇಬ್ಬರೂ ಒಂದೊಂದು ಆಲೂಗಡ್ಡೆ ಹಿಡಿದು, "ಬಟಾಟಿ!" "ಬಟಾಟ!" ಎಂದು ಕೂಗುತ್ತಾ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಗೋವೆಯಿಂದ ಘಟ್ಟ ಹತ್ತಿ ನಮ್ಮ ಕಡೆ ಬಂದ ಮಾತುಗಳು ಇವೆಂದು ನಾನು ವಿವರಿಸಲು ಹೊರಟೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ರೈಲಿನಲ್ಲಿ

ತೆರೇಜಾಳ ಕಡೆಗೆ ಹೋಗುವ ರೈಲು ತೇಜೊ ಎಂಬ ನದಿಯ ದಂಡೆಗುಂಟ ಹೋಗುತ್ತದೆ. ನಮ್ಮ ತುಂಗಭದ್ರೆಯಷ್ಟೇ ಅಗಲ, ಆದರೆ ಸ್ವಭಾವ ಬೇರೆ. ಕಂಪ್ಲಿಯಲ್ಲಿ ನೆರೆ ಬಂದರೆ ಹೊಳೆ ಸೇತುವೆಯ ಮೇಲೆ ಹರಿದು ಊರಿನ ಬಾಯಲ್ಲೆಲ್ಲ ತನ್ನದೇ ಸುದ್ದಿ ಮಾಡಿಸುತ್ತದೆ. ಇದು ಶಾಲೆಗೆ ಹೋಗುವ ಜಾಣೆಯ ಹಾಗೆ ತಲೆ ತಗ್ಗಿಸಿ ಹರಿಯುತ್ತಿತ್ತು.

ಎದುರು ಸೀಟಿನಲ್ಲಿದ್ದ ಒಬ್ಬ ತಾತ ಕಾಗದದ ಪೊಟ್ಟಣ ಬಿಚ್ಚಿ ಅಂಜೂರ ಕೊಟ್ಟ. ಅಕ್ಕ ರೊಟ್ಟಿ ಕೊಟ್ಟಳು. ತಾತನಿಗೆ ಹಲ್ಲು ಕಡಿಮೆ. ರೊಟ್ಟಿಯನ್ನು ಮಿಠಾಯಿಯಂತೆ ಚೀಪುತ್ತಾ ತನ್ನೂರು ಬರುವವರೆಗೂ ಖುಷಿಯಾಗಿ ಕೂತಿದ್ದ. ಅಕ್ಕ ಮಾತ್ರ ಕಿಟಕಿಯ ಗಾಜಿನಲ್ಲಿ ತನ್ನದೇ ಮುಖ ನೋಡಿಕೊಂಡು ಬಯ್ಗುಳದ ಅಭ್ಯಾಸ ಮಾಡುತ್ತಿದ್ದಳು. ತುಟಿ ಅಲುಗುತ್ತಿತ್ತು, ಬೆರಳು ಎದ್ದು ಇಳಿಯುತ್ತಿತ್ತು. ಮಧ್ಯೆ ಒಮ್ಮೆ, "ತಲಿ ಕೆಡಿಸಿದಿ ಅನ್ನಾಕ ಇಂಗ್ಲಿಷಿನ್ಯಾಗ ಏನಂತಾರಲೇ?" ಎಂದು ಕೇಳಿದಳು. ಹೇಳಿಕೊಟ್ಟೆ. "ಅಷ್ಟ? ಸಣ್ಣದಾತು" ಅಂದಳು.

ಅಕ್ಕ ತಮಾಷೆಗೆ ಅನ್ನುತ್ತಿಲ್ಲ ಎನ್ನುವುದು ನನಗೆ ಆಗಲೇ ಖಾತ್ರಿಯಾದದ್ದು. ಇಷ್ಟು ದೂರ ಕರೆಸಿಕೊಂಡು ಮನೆಯಲ್ಲಿಟ್ಟುಕೊಳ್ಳುವವಳನ್ನು ಅವಳದೇ ಮನೆಯಲ್ಲಿ ಬಯ್ಯುವುದು, ಅದನ್ನು ನಾನು ಬಿಡದೆ ಅನುವಾದಿಸುವುದು. ಕೈಯಲ್ಲಿದ್ದ ಅಂಜೂರವನ್ನು ಜೇಬಿಗೆ ಹಾಕಿಕೊಂಡೆ.

ಮೊನ್ಸಾಂತೊ

ತೆರೇಜಾ ಸ್ಟೇಷನ್ನಿಗೆ ಕಾರು ತಂದಿದ್ದಳು. ಎತ್ತರದ, ಕಿರುಗೂದಲಿನ ಹೆಂಗಸು. ಅಕ್ಕನನ್ನು ನೋಡಿ ಕೈಮುಗಿದಳು, ಮಾತಾಡಲಿಲ್ಲ. ಅಕ್ಕನೂ ಕೈಮುಗಿದಳು, ಮಾತಾಡಲಿಲ್ಲ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಮಾತಾಡಿದವನು ನಾನೊಬ್ಬನೇ. ಹವಾಮಾನದ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಮುಗಿದುಹೋಯಿತು.

ಊರು ಕಂಡಾಗ ಮಾತ್ರ ಅಕ್ಕ, "ಅಯ್ಯೋ, ಹಂಪಿ!" ಎಂದಳು. ಗುಡ್ಡದ ತುಂಬ ಹಂಪಿಯ ಹಾಗೇ ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಳು. ಅವುಗಳ ಸಂದಿಯಲ್ಲೇ ಮನೆಗಳು. ಒಂದು ಮನೆಯ ಗೋಡೆ ಬಂಡೆ, ಇನ್ನೊಂದರ ಮಾಳಿಗೆಯೇ ಬಂಡೆ. ಆನೆ ಗಾತ್ರದ ಗುಂಡೊಂದು ಮನೆಯ ಮೇಲೆ ಕೂತಿದೆ, ಕೆಳಗೆ ಕರಿಬಟ್ಟೆಯ ಮುದುಕಿಯರು ಹೊಸ್ತಿಲಲ್ಲಿ ಕೂತು ಅವರೆ ಸುಲಿಯುವ ಹಾಗೆ ಏನೋ ಸುಲಿಯುತ್ತಿದ್ದಾರೆ. ಅಕ್ಕ ಕಾರಿನಿಂದಿಳಿದು ಒಂದು ಮನೆಯ ಬಂಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. "ನಮ್ಮ ಮನೀನೂ ಹಿಂಗ ತಣ್ಣಗಿರ್ತಿತ್ತು," ಅಂದಳು.

ತೆರೇಜಾಳ ಮನೆಯ ಜಗಲಿಯಲ್ಲಿ ಕೂತೆವು. ಅವಳು ಕಾಫಿ ತಂದಿಟ್ಟಳು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನಗೆ ಕಣ್ಣಲ್ಲೇ ಎಚ್ಚರಿಕೆ ಕೊಟ್ಟು, ಶುರುಮಾಡಿದಳು.

"ನೋಡವ್ವಾ. ನನ್ನ ತಮ್ಮ ಛಲೋ ಕೆಲಸದಾಗ ಇದ್ದ. ನೀವು ಬೆನ್ನಿಗೆ ಗಾದಿ ಕಟ್ಕೊಂಡು ಬಂದ್ರಿ, ಅವನ ತಲಿ ಕೆಡಿಸಿದ್ರಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ: "ನಿಮ್ಮನ್ನು ನೋಡಿ ಅವರಿಗೆ ತುಂಬಾ ಸಂತೋಷವಾಗಿದೆ."

ತೆರೇಜಾ ಗಂಭೀರವಾಗಿ ತಲೆಯಾಡಿಸಿದಳು.

"ಕನ್ಯಾ ಕೊಡೋರು ಮನಿಗೆ ಬಂದ್ರು. ಇವ ಏನ್ ಮಾಡ್ದ? ಹುಡುಗಿ ಅಪ್ಪನ್ನ ಕರ್ಕೊಂಡು ಹೋಗಿ ಗುಂಡಿನ ಮ್ಯಾಲ ಕುಂದ್ರಿಸಿದ! ಆ ಮನುಷ್ಯಾಗ ಹತ್ತಾಕ ಬಂತು, ಇಳಿಯಾಕ ಬರವಲ್ದು. ಮ್ಯಾಲ ಕುಂತು ಅಳಾಕ ಹತ್ತಿದ. ಸಂಬಂಧ ಅಲ್ಲಿಗೇ ಮುರೀತು."

"ಮನೆಯವರ ಜೊತೆ ಅವನಿಗೆ ಬಹಳ ಒಳ್ಳೆಯ ನೆನಪುಗಳಿದ್ದವು, ಅನ್ನುತ್ತಾರೆ."

ತೆರೇಜಾಳ ತುಟಿ ಸ್ವಲ್ಪ ಅಲುಗಿತು. ಅಕ್ಕ ನನ್ನ ಕಡೆ ಅನುಮಾನದಿಂದ ನೋಡಿ ಮುಂದುವರಿಸಿದಳು. ಈಗ ದನಿ ತಗ್ಗಿತ್ತು.

"ನಾ ವಾರ ಪೂರ್ತಿ ಎಣ್ಣಿ ಮುಂದ ಕುಂದ್ರಾಕಿ. ಅವ ವಾರ ಪೂರ್ತಿ ಫ್ಯಾಕ್ಟರ್ಯಾಗ. ಅಕ್ಕ ತಮ್ಮ ಕೂಡಿ ಉಣ್ಣಾಕ ಇದ್ದದ್ದ ಐತವಾರ ಒಂದು. ಆ ಐತವಾರೆಲ್ಲಾ ನೀವು ತಿಂದ್ರಿ. ಇರಾದ ಇಷ್ಟ ಅಂತ ಗೊತ್ತಿದ್ರ ನಾ ಒಂದನ್ನೂ ಬಿಟ್ಟು ಕೊಡ್ತಿದ್ದಿಲ್ಲ."

ಇದಕ್ಕೆ ನನ್ನ ಬಾಯಲ್ಲಿ ಸುಳ್ಳೂ ಬರಲಿಲ್ಲ, ನಿಜವೂ ಬರಲಿಲ್ಲ. ಕಾಫಿ ಬಟ್ಟಲು ಎತ್ತಿಕೊಂಡೆ.

ತೆರೇಜಾ ಬಟ್ಟಲು ಕೆಳಗಿಟ್ಟಳು.

"ಹೌದಕ್ಕ," ಎಂದಳು, ಕನ್ನಡದಲ್ಲಿ. "ತಿಂದೀನಿ. ಭಾಳ ರುಚಿ ಇದ್ವು."

ಅಕ್ಕನ ಬೆರಳು ಗಾಳಿಯಲ್ಲೇ ನಿಂತಿತು. ನನ್ನ ಕಾಫಿ ನನ್ನ ಪ್ಯಾಂಟಿನ ಮೇಲಿತ್ತು. ತೆರೇಜಾ ನನ್ನ ಕಡೆ ತಿರುಗಿ, "ಸುಳ್ಳ ಯಾಕ ಹೇಳ್ತೀಲೇ ಗಾದಿ?" ಎಂದಳು.

ನನ್ನನ್ನು ಬೆಚ್ಚಿಸಿದ್ದು ಅವಳಿಗೆ ಕನ್ನಡ ಬರುತ್ತದೆನ್ನುವುದಲ್ಲ. ಅದು ಯಂಕೋಬನ ಕನ್ನಡವಾಗಿತ್ತು. ಹೌದಕ್ಕ ಎನ್ನುವಾಗ ಕೊನೆಯಲ್ಲಿ ಎಳೆಯುವ ರೀತಿ, ಲೇ ಅನ್ನುವ ಮೊದಲು ಚೂರು ತಡೆಯುವ ರೀತಿ, ಎಲ್ಲ ಅವನದೇ. ವರ್ಷಗಟ್ಟಲೆ ಇಬ್ಬರೂ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿಕೊಳ್ಳುತ್ತಿದ್ದರಂತೆ. "ಅವ ನಂಗ ಕನ್ನಡ ಕಲಿಸ್ದ, ನಾ ಅವಂಗ ನಮ್ಮ ಭಾಷೆ. ಅವ ಜಲ್ದಿ ಕಲ್ತ. ನಾ ಕತ್ತಿ," ಎಂದಳು. ನಮ್ಮ ಕಡೆ ಕತ್ತೆಗೆ ಕತ್ತಿ ಅನ್ನುತ್ತೇವೆ. ನನ್ನ ಜೊತೆ ಯಾಕೆ ಇಷ್ಟು ದಿನ ಇಂಗ್ಲಿಷ್ ಆಡಿದೆ ಎಂದು ಕೇಳಿದೆ. "ನಿಂಗ ಇಂಗ್ಲಿಷ್ ಮಾತಾಡಾಕ ಭಾಳ ಆಸೆ ಅಂತ ಯಂಕೋಬ ಹೇಳಿದ್ದ. ಅದ್ಕ ಸುಮ್ನಿದ್ದೆ."

ಅಕ್ಕನಿಗೆ ನನ್ನ ಇಂಗ್ಲಿಷಿನ ಗೊಡವೆ ಇರಲಿಲ್ಲ. ತೆರೇಜಾಳ ಬಾಯಿಯ ಕಡೆಗೇ ನೋಡುತ್ತಿದ್ದಳು.

"ಇನ್ನೊಂದ್ಸಲ ಅನ್ನು," ಎಂದಳು.

"ಏನು?"

"ಹೌದಕ್ಕ ಅನ್ನು."

"ಹೌದಕ್ಕಾ."

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ಎದ್ದು ಹೋದೆ. ಹತ್ತಿರ ಹೋಗಿ ನೋಡಿದರೆ ನಗುತ್ತಿದ್ದಳು. ಅಳುತ್ತಲೂ ಇದ್ದಳು. "ಕತ್ತಿ ಅಂತ! ದಿನಾ ನಂಗೂ ಅದನ್ನ ಅಂತಿದ್ದ, ಭಾಡ್ಯಾ!"

"ಕುಂದ್ರಕ್ಕ," ಎಂದಳು ತೆರೇಜಾ. "ಐತವಾರ ವಾಪಸ್ ಕೊಡ್ತೀನಿ."

ಆ ಮಧ್ಯಾಹ್ನವಿಡೀ ಕೊಟ್ಟಳು. ಒಂದೊಂದೇ ಭಾನುವಾರ ತೆಗೆದು ಹೇಳಿದಳು. ವ್ಯಾಕರಣ ಅಡ್ಡಾದಿಡ್ಡಿ, ಸಾಲದ್ದಕ್ಕೆ ಕೈಕಾಲಿನ ಅಭಿನಯ. ಸೊಂಡೂರಿನ ಹುಡುಗಿಯೊಬ್ಬಳು ಬಂಡೆಯ ಮೇಲೆ ನಿಂತು ಕೆಳಗಿದ್ದ ತನ್ನ ಹೆಡ್‌ಮಾಸ್ತರಿಗೆ ಮಗ್ಗಿ ಒಪ್ಪಿಸಿದ್ದು. ಮಂಗವೊಂದು ಫ್ರಾನ್ಸಿನವನೊಬ್ಬನ ಬೂಟು ಒಯ್ದಾಗ ಯಂಕೋಬ ಅದರ ಹಿಂದೆ ಏರಿ, ಬೂಟಿನ ಜೊತೆ ಮಂಗದ ಬಾಳೆಹಣ್ಣನ್ನೂ ತಂದದ್ದು. ಆಮೇಲೆ ಮಿರ್ಚಿಯ ವಿಷಯ ಬಂತು.

"ಪ್ರತಿ ಐತವಾರ ಅವ ನಿನ್ನ ಮಿರ್ಚಿ ತರ್ತಿದ್ದ. ಮೊದ್ಲು ತಾನೊಬ್ನ ಹತ್ತಿ, ಪೊಟ್ಟಣ ಗುಂಡಿನ ತುದಿಗೆ ಇಟ್ಟು ಇಳೀತಿದ್ದ. 'ನಮ್ಮಕ್ಕ ಮ್ಯಾಲ ಕುಂತಾಳ. ಹೋದೋರಿಗೆ ತಿನ್ನಾಕ ಕೊಡ್ತಾಳ' ಅಂತಿದ್ದ. ನಾವೆಲ್ಲ ಹತ್ತಿದ್ದು ಹಂಗ ಅಕ್ಕ. ವಾಸನಿ ಕೆಳಗೆ ಬರ್ತಿತ್ತು. ಹತ್ತಲಾರದ ಎಲ್ಲಿ ಹೋಗೂನು?"

ನನಗಿದು ಗೊತ್ತಿತ್ತು. ನಾನು ಮೊದಲ ಗುಂಡು ಹತ್ತಿದ್ದೂ ಮಿರ್ಚಿಗಾಗಿಯೇ. ಅಕ್ಕನಿಗೆ ಗೊತ್ತಿಲ್ಲವೆನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

"ಅಷ್ಟೂ ತಾನ ತಿಂತಾನ ಅನ್ಕೊಂಡಿದ್ದೆ," ಎಂದಳು ಅಕ್ಕ. "ಹೊಟ್ಟಿ ಕೆಡ್ತೈತಿ ಅಂತ ಬೈತಿದ್ದೆ."

ಬಂಡೆ

ಮರುದಿನ ಭಾನುವಾರ. ಬೆಳಿಗ್ಗೆ ಎದ್ದರೆ ಮನೆತುಂಬ ಎಣ್ಣೆಯ ಘಮ. ಅಕ್ಕ ತೆರೇಜಾಳ ಅಡುಗೆಮನೆಯನ್ನು ವಶಪಡಿಸಿಕೊಂಡಿದ್ದಳು. ಕಡಲೆಹಿಟ್ಟು ಅವರಲ್ಲೂ ಸಿಗುತ್ತದೆ. ಮೆಣಸಿನಕಾಯಿ ಮಾತ್ರ ಉದ್ದಕ್ಕೆ, ದಪ್ಪಕ್ಕೆ, ಖಾರದ ಗಂಧವೇ ಇಲ್ಲದ್ದು. "ಇದು ಮೆಣಸಿನಕಾಯಿ ಅಲ್ಲಲೇ, ಸೌತಿಕಾಯಿಗೆ ಹುಟ್ಟಿದ್ದು" ಎಂದು, ಒಳಗೆ ಚಟ್ನಿಪುಡಿ ತುಂಬಿ ಕರಿದಳು.

ಯಂಕೋಬನಿಗಾಗಿ ಇಟ್ಟಿದ್ದ ಬಂಡೆ ಊರಿನ ಹಿಂದೆ, ಓಕ್ ಮರಗಳ ನಡುವೆ ಇತ್ತು. ನಮ್ಮೂರಿನ ಒಂದಂತಸ್ತಿನ ಮನೆಯಷ್ಟು ಎತ್ತರ. ಒಂದು ಪಕ್ಕ ಕಡಿದಾಗಿದೆ, ಇನ್ನೊಂದು ಪಕ್ಕ ಮಲಗಿದ ಎಮ್ಮೆಯ ಬೆನ್ನಿನಂತೆ ಇಳಿಜಾರು. ಹತ್ತುವವರ ಗುಂಪು ಆಗಲೇ ಸೇರಿತ್ತು, ಬುಡದಲ್ಲಿ ಹಾಸಿಗೆಗಳನ್ನು ಹಾಸಿದ್ದರು. ಹೊಸ್ತಿಲ ಮುದುಕಿಯರೂ ಕುರ್ಚಿ ಹೊತ್ತು ತಂದು ಕೂತಿದ್ದರು. ನಾವು ಯಾರಾದರೊಬ್ಬರು ಬಂಡೆ ಮುಟ್ಟಿ ಹೆಸರು ಹೇಳಿದರೆ ಸಾಕು, ಹತ್ತಬೇಕಾಗಿಲ್ಲ ಎಂದು ತೆರೇಜಾ ಹೇಳಿದಳು. ನಾನು ಮುಟ್ಟಲು ಮುಂದಾದೆ.

"ಆಕಡಿ ಸರಿಲೇ," ಎಂದಳು ಅಕ್ಕ.

ಹಿಂತಿರುಗಿ ನೋಡಿದರೆ ಚಪ್ಪಲಿ ಕಳಚಿದ್ದಳು. ಸೀರೆ ಎತ್ತಿ ಗಂಡುಗಚ್ಚೆ ಹಾಕಿ, ಮಿರ್ಚಿಯ ಪೊಟ್ಟಣವನ್ನು ಸೊಂಟಕ್ಕೆ ಬಿಗಿದಿದ್ದಳು. ತಮ್ಮ ಗುಂಡು ಹತ್ತುತ್ತಾನೆಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಹೆಂಗಸು ಇವಳು. ನಾನು, "ಬ್ಯಾಡಕ್ಕ, ಬ್ಯಾಡ" ಎನ್ನುತ್ತಿರುವಾಗಲೇ ಇಳಿಜಾರಿನ ಬದಿಗೆ ಹೋಗಿ ಎರಡೂ ಕೈ ಊರಿದಳು. ಮೊದಲ ಹೆಜ್ಜೆಗೆ ಜಾರಿ ಹಾಸಿಗೆಯ ಮೇಲೆ ಕೂತಳು. ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಅಕ್ಕ ಎದ್ದು ಮತ್ತೆ ಹೋದಳು.

ಕೆಳಗಿನಿಂದ ತೆರೇಜಾ ಕೂಗತೊಡಗಿದಳು. "ಎಡಗಾಲು ಮ್ಯಾಲಿಡಕ್ಕ! ಕೈಲೆ ಜಗ್ಗಬ್ಯಾಡ, ಕಾಲಿನ ಮ್ಯಾಲ ನಿಂದ್ರು! ಗುಂಡು ಎಲ್ಲೂ ಓಡಿ ಹೋಗಂಗಿಲ್ಲ, ನಿಧಾನ!" ಅದೂ ಅವನ ಮಾತೇ. ಅಕ್ಕ ಒಮ್ಮೆ ನಿಂತು, ಆ ದನಿಯನ್ನು ಪೂರ್ತಿ ಕೇಳಿಸಿಕೊಂಡು, ಎಡಗಾಲು ಮೇಲಿಟ್ಟಳು. ಬಲಗಾಲು. ಮೊಣಕಾಲು, ಇದು ನಿಯಮಕ್ಕೆ ವಿರುದ್ಧ, ಯಾರೂ ಆಕ್ಷೇಪಿಸಲಿಲ್ಲ. ಕೊನೆಗೆ ಹೊಟ್ಟೆಯ ಮೇಲೆ ತೆವಳಿದಳು, ಇಳಕಲ್ ಸೀರೆಯ ಕೆಂಪು ಸೆರಗು ಬಂಡೆಯ ಅಂಚಿನಾಚೆ ಮಾಯವಾಯಿತು. ಒಂದು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ಅಕ್ಕ ಎದ್ದು ನಿಂತಳು.

ಕೆಳಗೆ ಕೂಗು, ಚಪ್ಪಾಳೆ, ಸಿಳ್ಳೆ. ಮುದುಕಿಯರು ಕುರ್ಚಿ ಬಡಿದರು. ನಾನು ಯಾರನ್ನು ಅಪ್ಪಿಕೊಂಡೆನೋ ಇವತ್ತಿಗೂ ಗೊತ್ತಿಲ್ಲ, ಗಡ್ಡವಿತ್ತು.

ಅಕ್ಕ ಸುತ್ತಲೂ ನೋಡಿದಳು. ಊರಿನ ಕೆಂಪು ಹೆಂಚು, ಆಚೆ ಬಯಲು, ಅದರಾಚೆ ಸ್ಪೇನಿನ ಗುಡ್ಡಗಳು. ಪೊಟ್ಟಣ ಬಿಚ್ಚಿ ಬಂಡೆಯ ತುದಿಗಿಟ್ಟಳು. "ಬರ್ರೀ, ಯಾರ್ ಬರ್ತೀರಿ ಅವ್ರಿಗೆ ಮಿರ್ಚಿ!" ಎಂದಳು. ತೆರೇಜಾ ತರ್ಜುಮೆ ಮಾಡಿದಳು, ಮಾಡದಿದ್ದರೂ ವಾಸನೆ ಅರ್ಥವಾಗಿತ್ತು.

"ಮೊದ್ಲು ಹೆಸರು ಹೇಳಕ್ಕ," ಎಂದು ಕೂಗಿದಳು ತೆರೇಜಾ. "ಏನಂತ ಬರೀಬೇಕು?"

ಯಂಕೋಬನ ಹೆಸರೇ ಇಡುತ್ತಾಳೆಂದು ಎಲ್ಲರೂ ಕಾದಿದ್ದರು. ಅಕ್ಕ ಯೋಚಿಸಿದಳು.

"ಇಳದ್ ಬಾರಲೇ," ಎಂದಳು.

"ಏನು?"

"ಇಳದ್ ಬಾರಲೇ! ಅವ ನಡಿಯಾಕ ಕಲ್ತಾಗಿಂದ ನಾ ಕೆಳಗ ನಿಂತು ಒದರಿದ್ದು ಅದೊಂದ ಮಾತು. ಅದನ್ನ ಬರೀರಿ."

ತೆರೇಜಾ ಗುಂಪಿಗೆ ಅರ್ಥ ಹೇಳಿದಳು. ಆಮೇಲೆ ಹೆಸರು ಬಾಯಿಗೆ ಬರಬೇಕಲ್ಲ ಎಂದು ಅಭ್ಯಾಸ ಶುರುವಾಯಿತು. ಒಬ್ಬ "ಇಲಾದ್ ಬರಾಲ" ಎಂದ. ಇನ್ನೊಬ್ಬಳು ಅದನ್ನು ಹಾಡಿನಂತೆ ಎಳೆದಳು. ತೆರೇಜಾ ಮೇಷ್ಟರಂತೆ ಕೋಲು ಹಿಡಿದು ತಿದ್ದಿದಳು. ಸ್ವಲ್ಪ ಹೊತ್ತಿಗೆ ಪೋರ್ಚುಗಲ್ಲಿನವರು, ಸ್ಪೇನಿನವರು, ಕುರ್ಚಿಯ ಮುದುಕಿಯರು, ನಾನು, ಎಲ್ಲರೂ ಕತ್ತು ಮೇಲೆತ್ತಿ ಒಟ್ಟಿಗೆ ಕೂಗುತ್ತಿದ್ದೆವು: "ಇಳದ್ ಬಾರಲೇ! ಇಳದ್ ಬಾರಲೇ!"

ಅಕ್ಕ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಳು. ಕಣ್ಣೊರೆಸಿಕೊಂಡಳು. ಒಂದು ಮಿರ್ಚಿ ಬಾಯಿಗಿಟ್ಟುಕೊಂಡಳು.

"ಬರಂಗಿಲ್ಲ ಹೋಗ್ರಿ!" ಎಂದಳು ಬಾಯ್ತುಂಬ. "ಇನ್ನ ಸ್ವಲ್ಪ ಹೊತ್ತು."

ಆಮೇಲೆ ಚೂರು ಸರಿದು, ಪಕ್ಕದ ಕಲ್ಲನ್ನು ಅಂಗೈಯಿಂದ ತಟ್ಟಿ, ನನ್ನತ್ತ ನೋಡಿದಳು. "ಲೇ ಗಾದಿ, ಜಾಗ ಐತಿ. ಬಾ."

ನಾನು ಬೂಟು ಬಿಚ್ಚಿದೆ.